ಸಂದಿಲ್ಲದ ಅಂದಕ್ಕೆ ಮರುಳಾಗಬೇಡಿ: ಕೆಟಲ್ ಗ್ರಿಲ್‌ನ ಮರದ ಗಾಡಿ ಒಳಗೊಳಗೇ ಸುಟ್ಟ ಬಗೆ

ಮಾಂಸ, ತರಕಾರಿ ಸುಡುವ, ಮುಚ್ಚಳವಿರುವ ದುಂಡು ಬೋಗುಣಿಯಂಥ ಇದ್ದಿಲಿನ ಒಲೆ, ಅಂದರೆ ಕೆಟಲ್ ಗ್ರಿಲ್‌ಗೆ ಕೈಕೆಲಸದ ಮರದ ಮೇಜು ಕೊಳ್ಳುವ, ಇಲ್ಲವೇ ಬಡಗಿಗೆ ಹೇಳಿ ಮಾಡಿಸುವ ಯೋಚನೆ ಇದ್ದರೆ ಮುಂಗಡ ಕೊಡುವ ಮೊದಲು ಇದನ್ನು ಓದಿ. 57 ಸೆಂಟಿಮೀಟರ್ ಅಡ್ಡಳತೆಯ ಗ್ರಿಲ್‌ಗೆಂದು ಓಕ್ ಮರದಲ್ಲಿ ಮಾಡಿಸಿದ, ಚಕ್ರವಿರುವ ಅಂಥದೊಂದು ಮೇಜಿನ, ಅಂದರೆ ಗಾಡಿಯ ಪಾಡು ಇದು. ಕೆಲಸ ಕಣ್ಣಿಗೆ ಹಬ್ಬ. 38 ಮಿಲಿಮೀಟರ್ ದಪ್ಪದ ಮೇಲ್ಹಲಗೆ, ಅದರಲ್ಲಿ ದುಂಡಗೆ ಕೊರೆದ ಕಂಡಿ, ಕಂಡಿಯೊಳಗೆ ಅಚ್ಚು ಹಾಕಿದಂತೆ ಕೂತ ಬೋಗುಣಿ, ಸುತ್ತಲೂ ಬರೀ 4 ಮಿಲಿಮೀಟರ್ ಸಂದು. ಕೆಲವು ತಿಂಗಳು ಬಳಸಿದ ಮೇಲೆ ಒಂದು ದಿನ, ಕೆಂಡ ನಿಗಿನಿಗಿ ಅನ್ನುತ್ತಿದ್ದಾಗಲೇ ಬೋಗುಣಿ ಒಂದು ಬದಿಗೆ ವಾಲಿತು. ಕೆಂಡವೆಲ್ಲ ಕೆಳಗಿನ ಹಲಗೆಗೆ ಸುರಿಯಿತು. ಬಯಲಲ್ಲಿತ್ತು, ಪಕ್ಕದಲ್ಲೇ ಬಕೆಟ್ಟಿನಲ್ಲಿ ನೀರಿತ್ತು. ಗಾಡಿ ಹೋಯಿತು, ಯಾರಿಗೂ ಏನೂ ಆಗಲಿಲ್ಲ.

ಬಿಚ್ಚಿ ನೋಡಿದಾಗ ಗುಟ್ಟು ಬಯಲಾದದ್ದು ಸ್ಕ್ರೂಗಳಿಂದ. ಬೋಗುಣಿಯ ಭಾರವನ್ನೆಲ್ಲ ಹೊತ್ತದ್ದು ಮೇಲ್ಹಲಗೆಯ ಅಡಿಗೆ ಬಿಗಿದ ಎಲ್ ಆಕಾರದ ಮೂರು ಉಕ್ಕಿನ ಪಟ್ಟಿಗಳು; ಒಂದೊಂದಕ್ಕೆ ಎರಡೆರಡು ಸ್ಕ್ರೂ. ವಾಲಿದ ಬದಿಯ ಸ್ಕ್ರೂ ಬೆರಳಿಗೇ ತಿರುಗುತ್ತಿತ್ತು. ಹೊರಗೆಳೆದರೆ ಅದರ ಎಳೆಗಳ ನಡುವೆ ಕಾಡಿಗೆಯಂಥ ಪುಡಿ, ತೂತಿನ ಸುತ್ತ ಪೆನ್ಸಿಲ್ ದಪ್ಪದ ಕಪ್ಪು ಉಂಗುರ. ಮೇಲ್ಮೈ ಮಾತ್ರ ಮೊದಲ ದಿನದಂತೆಯೇ ಹೊಳೆಯುತ್ತಿತ್ತು. ಪಟ್ಟಿ ಬಿಸಿ ಬೋಗುಣಿಗೆ ತಾಗಿದೆ, ಸ್ಕ್ರೂ ಪಟ್ಟಿಗೆ ತಾಗಿದೆ, ಸ್ಕ್ರೂವಿನ ಮೊನೆ ಮರದ ಹೊಟ್ಟೆಯೊಳಗಿದೆ. ಶಾಖಕ್ಕೆ ಇದಕ್ಕಿಂತ ನೇರವಾದ ದಾರಿ ಬೇಕೇ? ಸ್ಕ್ರೂ ಸುತ್ತಲಿನ ಮರ ಇದ್ದಿಲಾಯಿತು, ಹಿಡಿತ ಸಡಿಲವಾಯಿತು, ಒಂದು ಪಟ್ಟಿ ಕಳಚಿಕೊಂಡಿತು.

ಮಾಡಿಕೊಟ್ಟವರ ಉತ್ತರ: “ಇದ್ದಿಲು ಜಾಸ್ತಿ ಹಾಕಿದ್ದೀರಿ.” ಹಾಕಿದ್ದು ಇದ್ದಿಲು ಹೊತ್ತಿಸುವ ತಗಡಿನ ಕೊಳವೆಯಲ್ಲಿ, ಅಂದರೆ ಚಿಮಣಿಯಲ್ಲಿ, ಒಂದು ತುಂಬು, ಅಷ್ಟೆ. ಈ ಗಾತ್ರದ ಗ್ರಿಲ್‌ಗೆ ಅದು ದಿನನಿತ್ಯದ ಲೆಕ್ಕ. ನೇರ ಉರಿ ಒಂದು ಕಡೆ, ಬಿಸಿಗಾಳಿ ಇನ್ನೊಂದು ಕಡೆ ಇರಲಿ ಎಂದು ಕೆಂಡವನ್ನು ಒಂದೇ ಗೋಡೆಗೆ ಒತ್ತರಿಸುವುದೂ ಎಲ್ಲರೂ ಮಾಡುವ ಕೆಲಸವೇ. ಹಾಗೆ ಒತ್ತರಿಸಿದಾಗ ಆ ಬದಿಯ ಉಕ್ಕು 200 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವೇನಲ್ಲ. ಇದನ್ನು ತಾಳದ ಮೇಜನ್ನು ಗ್ರಿಲ್ ಮೇಜು ಎಂದು ಕರೆಯುವುದೇ ತಪ್ಪು.

“ಮರ ಹೊತ್ತಿಕೊಳ್ಳಲು 250-300 ಡಿಗ್ರಿ ಬೇಕು, ಅಷ್ಟು ಕಾಯುವುದಿಲ್ಲ ಬಿಡಿ” ಎನ್ನುವ ಸಮಾಧಾನವೂ ಕೇಳಿಬರುತ್ತದೆ. ಆ ಅಂಕಿ ಹೊಸ ಮರವನ್ನು ಒಂದೇ ಸಲಕ್ಕೆ ಕಾಯಿಸಿದಾಗಿನದು. 100 ಡಿಗ್ರಿಯ ಆಚೀಚೆ ಮತ್ತೆ ಮತ್ತೆ, ಗಂಟೆಗಟ್ಟಲೆ ಕಾದ ಮರ ಮೊದಲು ತೇವ ಕಳೆದುಕೊಳ್ಳುತ್ತದೆ, ಆಮೇಲೆ ಕಂದಾಗುತ್ತದೆ, ಕೊನೆಗೆ ಕಪ್ಪಾಗುತ್ತದೆ. ಹಾಗೆ ಕಪ್ಪಾದದ್ದು ಹೊಸ ಮರಕ್ಕಿಂತ ಎಷ್ಟೋ ಬೇಗ ಕಿಡಿ ಹಿಡಿಯುತ್ತದೆ. ಹತ್ತು ಸಲ ಏನೂ ಆಗಲಿಲ್ಲ ಅಂದರೆ ಹನ್ನೊಂದನೆಯ ಸಲಕ್ಕೆ ಮರ ತಯಾರಾಗುತ್ತಿದೆ ಎಂದೇ ಅರ್ಥ.

ಇನ್ನು ಆ 4 ಮಿಲಿಮೀಟರ್ ಸಂದಿನ ವಿಷಯ. ಮರ ತೇವ ಕಳೆದುಕೊಂಡಾಗ ನಾರಿನ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಚೆನ್ನಾಗಿ ಕುಗ್ಗುತ್ತದೆ. ಬೆಳವಣಿಗೆಯ ಉಂಗುರಗಳಿಗೆ ಸಮಾನಾಂತರವಾಗಿ ಕೊಯ್ದ ಕೆಂಪು ಓಕ್ ಹಲಗೆ ತೇವಾಂಶ ಶೇಕಡಾ 1 ಇಳಿದರೆ ಅಗಲದಲ್ಲಿ ಸುಮಾರು ಶೇಕಡಾ 0.37 ಕುಗ್ಗುತ್ತದೆ. ಕಂಡಿಯ ಅಡ್ಡಳತೆ 578 ಮಿಲಿಮೀಟರ್. ಬೆಂಕಿಯ ಪಕ್ಕದಲ್ಲಿ ಒಣಗಿ ತೇವಾಂಶ ಶೇಕಡಾ 4 ಇಳಿಯಿತೆಂದರೆ ಆ ದಿಕ್ಕಿನಲ್ಲಿ ಕಂಡಿ 8.5 ಮಿಲಿಮೀಟರ್ ಕಿರಿದಾಯಿತು. ಎರಡೂ ಬದಿಯ ಸಂದು ಸೇರಿಸಿದರೆ ಇದ್ದದ್ದೇ 8. ದುಂಡಗಿದ್ದ ಕಂಡಿ ಮೊಟ್ಟೆಯಾಕಾರಕ್ಕೆ ತಿರುಗಿ ಬೋಗುಣಿಯನ್ನು ಎರಡು ಕಡೆಯಿಂದ ಅಪ್ಪಿಕೊಂಡಿತ್ತು. ಕಪ್ಪಾದದ್ದೂ ಸರಿಯಾಗಿ ಆ ಎರಡು ಕಡೆಯೇ. ನಾರಿನ ಉದ್ದಕ್ಕೆ ಬರುವ ಬದಿಗಳಲ್ಲಿ ಸಂದು ಹಾಗೇ ಉಳಿದಿತ್ತು. ಮಾಡಿದವರು ಅಳತೆ ತಪ್ಪಿರಲಿಲ್ಲ, ಮರ ಅಲುಗುತ್ತದೆ ಎನ್ನುವುದನ್ನು ಮರೆತಿದ್ದರು. ತೇಗ ಹಾಕಿಸಿದ್ದರೆ ಕುಗ್ಗುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು, ಆದರೆ ಸುಡುವುದು ತಪ್ಪುತ್ತಿರಲಿಲ್ಲ.

ಮಳೆಗಾಲದಲ್ಲಿ ಇದೇ ಕಂಡಿ ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ಮುಚ್ಚಳದ ಮೇಲೆ ಬಿದ್ದ ನೀರು ಜಾರಿ ನೇರ ಕಂಡಿಯ ಅಂಚಿಗೆ ಇಳಿಯುತ್ತದೆ. ನಾರು ಕಡಿದು ಬಾಯಿ ತೆರೆದ ಅಂಚು ಸ್ಟ್ರಾದಂತೆ ನೀರು ಹೀರುತ್ತದೆ. ಗಾಳಿಯಾಡದ ಸಂದಿನಲ್ಲಿ ಅದು ಒಣಗುವುದೂ ಇಲ್ಲ.

ಮೂಲದಲ್ಲಿ ಈ ಗ್ರಿಲ್ ಇರುವುದೇ ಸುತ್ತ ಗಾಳಿಯಾಡುವಂತೆ ನಿಲ್ಲಲು. 1952ರಲ್ಲಿ ಅಮೆರಿಕದ ಜಾರ್ಜ್ ಸ್ಟೀಫನ್ ನೀರಿನ ಮೇಲೆ ಗುರುತಿಗೆ ತೇಲಿಬಿಡುವ ಲೋಹದ ಗುಂಡನ್ನು (ಬಾಯ್) ಕತ್ತರಿಸಿ ಮೊದಲ ಕೆಟಲ್ ಮಾಡಿದಾಗ ಅದಕ್ಕೆ ಕೊಟ್ಟದ್ದು ಕಾಲು, ಪೆಟ್ಟಿಗೆಯಲ್ಲ. ಇವತ್ತಿಗೂ ಗ್ರಿಲ್ ಜೊತೆ ಬರುವ ಕೈಪಿಡಿಗಳು ಉರಿಯುವ ವಸ್ತುಗಳಿಂದ ಅಡಿಗಳ ಲೆಕ್ಕದಲ್ಲಿ ದೂರವಿಡಿ ಎನ್ನುತ್ತವೆ, ಮಿಲಿಮೀಟರ್ ಲೆಕ್ಕದಲ್ಲಲ್ಲ. ನಿಮ್ಮ ಗ್ರಿಲ್‌ನ ಕೈಪಿಡಿ ತೆಗೆದು ಆ ಅಂಕಿ ನೋಡಿ, ಅದನ್ನೇ ಮಾಡಿಕೊಡುವವರ ಮುಂದಿಡಿ. ಬೋಗುಣಿಯ ಸುತ್ತ ಉಕ್ಕಿನ ಚೌಕಟ್ಟು, ಅದರ ಮೇಲೆ ಕಲ್ಲು ಅಥವಾ ಸಿಮೆಂಟ್ ಹಲಗೆ, ಮರವೇನಿದ್ದರೂ ಆಚೆ ಪಕ್ಕದ ಕೆಲಸದ ಹಲಗೆಗೆ. ಇದೊಂದೇ ಒಪ್ಪಬಹುದಾದ ವಿನ್ಯಾಸ. ಬೋಗುಣಿಯ ಭಾರ ಅದರದೇ ಮೂರು ಕಾಲುಗಳ ಮೇಲೋ, ಬೋಲ್ಟ್ ಹಾಕಿದ ಉಕ್ಕಿನ ಚೌಕಟ್ಟಿನ ಮೇಲೋ ಇರಲಿ. ಹಿಡಿಕೆಗಳಿಂದ ತೂಗುಹಾಕುವ ಮಾದರಿಯೂ ಉಂಟು. ಹಿಡಿಕೆ ಇರುವುದು ಎತ್ತಲು, ತುಂಬಿದ ಬೋಗುಣಿಯನ್ನು ವರ್ಷಗಟ್ಟಲೆ ಹೊರಲು ಅಲ್ಲ.

ಮರದ ಚೌಕಟ್ಟಿನ ಒಳಬದಿಗೆ ತಗಡು ಹೊಡೆದು “ಶಾಖತಡೆ ಹಾಕಿದ್ದೇವೆ” ಅನ್ನುವವರೂ ಇದ್ದಾರೆ. ಮರಕ್ಕೆ ಅಂಟಿಸಿ ಮೊಳೆ ಹೊಡೆದ ತಗಡು ಏನನ್ನೂ ತಡೆಯದು. ತಾನೂ ಕಾದು ಮರವನ್ನೂ ಕಾಯಿಸುತ್ತದೆ. ತಗಡಿಗೂ ಮರಕ್ಕೂ ನಡುವೆ ಕನಿಷ್ಠ 25 ಮಿಲಿಮೀಟರ್ ಗಾಳಿ ಬೇಕು. ಗಾಳಿ ಕೆಳಗಿನಿಂದ ಬಂದು ಮೇಲಿನಿಂದ ಹೋಗಬೇಕು, ಅಂದರೆ ಎರಡೂ ತುದಿ ತೆರೆದಿರಬೇಕು. ನಡುವೆ ಇಡುವ ಬಿಲ್ಲೆಗಳು ಸುಡದಂಥವಾಗಿರಲಿ, ಬೋಗುಣಿಯ ನೇರ ಎದುರಿಗೆ ಬಾರದಿರಲಿ.

ಬೂದಿ ತಟ್ಟೆಯ ಕೆಳಗಿನ ಹಲಗೆ ಎಲ್ಲರ ಕಣ್ಣು ತಪ್ಪಿಸುವ ಜಾಗ. ತಳದ ಗಾಳಿಕಿಂಡಿಯ ಸನ್ನೆ ಎಳೆದಾಗ ಬೂದಿಯ ಜೊತೆ ಸಣ್ಣ ಕೆಂಡವೂ ಉದುರುತ್ತದೆ. ತಟ್ಟೆ ಓರೆಯಾಗಿದ್ದರೆ ಹೊರಗೇ ಬೀಳುತ್ತದೆ. ಈ ಗಾಡಿಯಲ್ಲಿ ಇದ್ದಿಲಿನ ಕಾಗದದ ಚೀಲ ಇಡುವ ಜಾಗ ಅದರ ನೇರ ಕೆಳಗೇ ಇತ್ತು! ಅಲ್ಲಿ ಮರ ಬೇಡ, ಅಂಚು ಮಡಿಸಿದ ಉಕ್ಕಿನ ತಟ್ಟೆ ಇರಲಿ, ಏನನ್ನೂ ಕೂಡಿಡಬೇಡಿ. ಸನ್ನೆ ಪೂರ್ತಿ ಆಚೀಚೆ ಆಡುತ್ತದೆಯೇ, ಗಾಡಿಯ ಕಾಲಿಗೆ ತಾಗುತ್ತದೆಯೇ, ಬೂದಿ ತಟ್ಟೆಯನ್ನು ಕಳಚಿ ಹೊರತೆಗೆಯಲು ಜಾಗವಿದೆಯೇ ಎಂಬುದನ್ನೂ ನೋಡಿ. ಮೂರು ಬದಿ ಮುಚ್ಚಿ ಅಲಮಾರಿಯಂತೆ ಮಾಡಿದರೆ ಗಾಳಿ ಸಾಲದೆ ಉರಿ ಮಂಕಾಗುತ್ತದೆ.

ಮೇಲ್ಹಲಗೆಯ ನಡುವೆ ಒಂದು ಉದ್ದನೆಯ ಸೀಳೂ ಇತ್ತು. ಹಲಗೆಯನ್ನು ಚೌಕಟ್ಟಿಗೆ ಗಟ್ಟಿಯಾಗಿ ಸ್ಕ್ರೂ ಹಾಕಿ, ಅಂಟೂ ಹಾಕಿ ಕಟ್ಟಿಬಿಟ್ಟಿದ್ದರು. ಕುಗ್ಗಲು ಜಾಗವಿಲ್ಲದ ಮರ ಸೀಳುತ್ತದೆ. ಸ್ಕ್ರೂ ತೂತು ನಾರಿಗೆ ಅಡ್ಡವಾಗಿ ಉದ್ದಕ್ಕಿರಬೇಕು, ವಾಷರ್ ಕೆಳಗೆ ಸ್ಕ್ರೂ ಜಾರುವಂತಿರಬೇಕು. ಓಕ್ ಮರಕ್ಕೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದೊಡನೆ ಸೇರಿ ಶಾಯಿ ಚೆಲ್ಲಿದಂಥ ಕಲೆ ಬರುತ್ತದೆ, ಸ್ಟೇನ್‌ಲೆಸ್ ಹಾಕಿಸಿ. ಬಿಳಿ, ಹಳದಿ ಮರದಂಟುಗಳು ಬಿಸಿಗೆ ಮೆತ್ತಗಾಗುತ್ತವೆ, ಆದ್ದರಿಂದ ಭಾರ ಹೊರುವ ಜೋಡಣೆ ಬರೀ ಅಂಟನ್ನು ನಂಬಿರಬಾರದು.

ಚಕ್ರಗಳನ್ನು ಕಾಲಿನ ಕೊಯ್ದ ತುದಿಗೆ ನೇರ ಸ್ಕ್ರೂ ಹಾಕಿ ಕೂರಿಸಿದ್ದರು. ನಾರಿನ ಉದ್ದಕ್ಕೆ ಇಳಿದ ಸ್ಕ್ರೂವಿಗೆ ಹಿಡಿತ ಕಡಿಮೆ. ಹೊಸ್ತಿಲು ದಾಟಿಸುವಾಗ ಕಿತ್ತುಬರುತ್ತದೆ. ಅಡ್ಡಪಟ್ಟಿಗೆ ಬೋಲ್ಟ್ ಹಾಕಿದ ಚಕ್ರ ಬೇಕು. ಒಟ್ಟು ತೂಕವನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಿ ಪ್ರತಿ ಚಕ್ರದ ಶಕ್ತಿ ಲೆಕ್ಕ ಹಾಕಿ, ಏಕೆಂದರೆ ಏರುಪೇರಾದ ನೆಲದಲ್ಲಿ ಒಂದು ಚಕ್ರ ಯಾವಾಗಲೂ ಗಾಳಿಯಲ್ಲಿರುತ್ತದೆ. ಕೆಂಡವಿರುವಾಗ ಗಾಡಿ ತಳ್ಳಲೇಬೇಡಿ.

ಹುಳು, ಕೊಳೆ ತಡೆಯಲು ಒತ್ತಡದಲ್ಲಿ ಔಷಧಿ ತುಂಬಿದ ಮರ ಅಗ್ಗಕ್ಕೆ ಸಿಗುತ್ತದೆಂದು ಬಳಸುವವರನ್ನು ಕಂಡರೆ ಎದ್ದು ಬನ್ನಿ. ಹಳೆಯ ಹಸಿರುಛಾಯೆಯ ಹಲಗೆಗಳಲ್ಲಿ ಆರ್ಸೆನಿಕ್ ಇರಬಹುದು, ಸುಟ್ಟರೆ ಹೊಗೆಯೂ ಬೂದಿಯೂ ವಿಷ. ಅಗಸೆ ಎಣ್ಣೆಯ ಪಾಲಿಶನ್ನು ನೀವೇ ಹಚ್ಚುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಒಂದೊಂದಾಗಿ ಹರಡಿ ಒಣಗಿಸಿ.

ಗಾಡಿ ಕೈಗೆ ಬಂದ ಮೇಲೆ ಬಾಕಿ ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಬಯಲಿನಲ್ಲಿ, ನೀರು ಹತ್ತಿರವಿಟ್ಟುಕೊಂಡು, ಒಂದು ಚಿಮಣಿ ತುಂಬ ಇದ್ದಿಲು ಹೊತ್ತಿಸಿ. ಉರಿಯುವ ಚಿಮಣಿಯನ್ನು ಮರದ ಮೇಲೆ ಇಡಬೇಡಿ, ಅದರ ತಳ ಹಲಗೆಯನ್ನು ನಿಮಿಷಗಳಲ್ಲಿ ಕಪ್ಪು ಮಾಡುತ್ತದೆ. ಕೆಂಡವನ್ನು ನಾರಿಗೆ ಅಡ್ಡವಾದ, ಕಂಡಿ ಕಿರಿದಾಗುವ ಬದಿಗೆ ಒತ್ತರಿಸಿ, ಮುಚ್ಚಳ ಹಾಕಿ, ಕಿಂಡಿ ಪೂರ್ತಿ ತೆರೆದು ಒಂದು ಗಂಟೆ ಬಿಡಿ. ಆಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಬೋಗುಣಿಗೆ ಅತಿ ಹತ್ತಿರದ ಮರಕ್ಕೆ, ಮೇಲಿನಿಂದಷ್ಟೇ ಅಲ್ಲ, ಅಡಿಯಿಂದಲೂ ಹಿಡಿದು ನೋಡಿ. ಹೊಳೆಯುವ ಸ್ಟೀಲಿಗೆ ಹಿಡಿದರೆ ಅದು ಇರುವುದಕ್ಕಿಂತ ತೀರಾ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಮರ 70 ಡಿಗ್ರಿ ದಾಟಿತ್ತೆಂದರೆ ಗಾಡಿ ವಾಪಸ್.

ಈಗಾಗಲೇ ಇಂಥದ್ದು ಮನೆಯಲ್ಲಿದ್ದರೆ ಗ್ರಿಲ್ ತಣ್ಣಗಿರುವಾಗ ಬೋಗುಣಿ ಎತ್ತಿ, ಕಂಡಿಯ ಅಂಚನ್ನು ಚಾಕುವಿನ ಮೊನೆಯಿಂದ ಕೆರೆಯಿರಿ, ಪಟ್ಟಿಯ ಸ್ಕ್ರೂ ಒಂದನ್ನಾದರೂ ಬಿಚ್ಚಿ ನೋಡಿ. ಕಪ್ಪು ಕಂಡರೆ ಉಜ್ಜಿ ವಾರ್ನಿಷ್ ಬಳಿದು ಮುಚ್ಚಬೇಡಿ. ಗ್ರಿಲ್ಲನ್ನು ಅದರ ಕಾಲುಗಳಿಗೆ ಮರಳಿಸಿ, ಸುಟ್ಟ ಭಾಗ ಕೊಯ್ದು ಬಿಸಾಕಿ, ಉಳಿದ ಹಲಗೆಯಿಂದ ದೂರದಲ್ಲಿಡುವ ಪಕ್ಕಮೇಜು ಮಾಡಿಸಿಕೊಳ್ಳಿ. ಓಕ್ ಒಳ್ಳೆಯ ಮರವೇ.