ಗ್ರಂಥಾಲಯದ ಕಂಪ್ಯೂಟರಿಗೆ ಯಾವ ಜರಡಿ ಹಿಡಿಯಬೇಕು?

ನಾನು ಮೇಲ್ವಿಚಾರಕಿಯಾಗಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಓದುಗರಿಗೆಂದು ನಾಲ್ಕು ಕಂಪ್ಯೂಟರುಗಳಿವೆ. ಶಾಲೆ ಬಿಟ್ಟ ಮೇಲೆ ಮಕ್ಕಳು, ಉಳಿದ ಹೊತ್ತಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಮತ್ತು ಪಹಣಿ ನೋಡಲು ಬರುವ ರೈತರು ಅವನ್ನೇ ಬಳಸುತ್ತಾರೆ. ಮಕ್ಕಳ ಕಣ್ಣಿಗೆ ಬೀಳಬಾರದ್ದನ್ನು ತಡೆಯಲು ಮೂರು ವಿಧಾನಗಳನ್ನು ಒಂದಾದ ಮೇಲೊಂದು ಬಳಸಿ ನೋಡಿದ್ದೇನೆ.

ಮೊದಲು ಹಾಕಿಸಿದ್ದು, ಪದಗಳನ್ನು ಹುಡುಕಿ ಪುಟವನ್ನೇ ಮುಚ್ಚುವ ಒಂದು ತಂತ್ರಾಂಶ. ಸ್ತನ ಕ್ಯಾನ್ಸರ್ ಕುರಿತು ಪ್ರಬಂಧ ಬರೆಯಬೇಕಿದ್ದ ಹತ್ತನೇ ತರಗತಿಯ ಹುಡುಗಿ ಇಂಗ್ಲಿಷಿನಲ್ಲಿ 'ಬ್ರೆಸ್ಟ್' ಎಂದು ಟೈಪಿಸಿದೊಡನೆ ಪರದೆಯ ತುಂಬ ಕೆಂಪು ಎಚ್ಚರಿಕೆ ಮೂಡಿತು. ಪಕ್ಕದಲ್ಲಿದ್ದ ಹುಡುಗರು ಕತ್ತೆತ್ತಿ ನೋಡಿದರು, ಆಕೆ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಎದ್ದುಹೋದಳು. ಕನ್ನಡ ಲಿಪಿಯಲ್ಲಿರುವ ಹೊಲಸು ಮಾತುಗಳಲ್ಲಿ ಒಂದನ್ನೂ ಅದು ತಡೆಯಲಿಲ್ಲ, ಏಕೆಂದರೆ ಅದರ ಪಟ್ಟಿಯಲ್ಲಿದ್ದುದು ಇಂಗ್ಲಿಷ್ ಪದಗಳು ಮಾತ್ರ. ಅಂದೇ ತೆಗೆಸಿದೆ.

ಎರಡನೆಯದು, ಕ್ಲೌಡ್‌ಫ್ಲೇರ್ ಎಂಬ ಕಂಪನಿ 2020ರಲ್ಲಿ ಕುಟುಂಬಗಳಿಗೆಂದು ಉಚಿತವಾಗಿ ಆರಂಭಿಸಿದ ಡಿಎನ್‌ಎಸ್ (ತಾಣದ ಹೆಸರಿಗೆ ಅದರ ಅಂಕಿಗಳ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಸೇವೆ. ರೂಟರಿನಲ್ಲಿ ಆ ಸೇವೆಯ ವಿಳಾಸ 1.1.1.3 ಎಂದು ನಮೂದಿಸಿದರೆ ಅಶ್ಲೀಲ ತಾಣಗಳಿಗೂ ವೈರಸ್ ಹರಡುವ ತಾಣಗಳಿಗೂ ತಡೆ ಬೀಳುತ್ತದೆ. ಡಿಎನ್‌ಎಸ್ ನೋಡುವುದು ತಾಣದ ಹೆಸರನ್ನಷ್ಟೇ, ಪುಟದೊಳಗಿನ ಪದಗಳನ್ನಲ್ಲ. ಆ ಹುಡುಗಿಯನ್ನು ಕರೆಸಿ ಕೂರಿಸಿದಾಗ ಅವಳಿಗೆ ಬೇಕಿದ್ದ ಪುಟ ತಕರಾರಿಲ್ಲದೆ ತೆರೆಯಿತು. ಅದೇ ಕಾರಣಕ್ಕೆ, ಯೂಟ್ಯೂಬಿನೊಳಗಿನ ಯಾವುದೋ ಒಂದು ವಿಡಿಯೊವನ್ನು ಮಾತ್ರ ತಡೆಯುವುದು ಅದರಿಂದ ಆಗದ ಕೆಲಸ.

ಮೂರನೆಯದಾದ ಕ್ಲೀನ್‌ಬ್ರೌಸಿಂಗ್‌ನ ಫ್ಯಾಮಿಲಿ ಫಿಲ್ಟರ್ (185.228.168.168) ಕೂಡ ಡಿಎನ್‌ಎಸ್ ಸೇವೆಯೇ, ಆದರೆ ಇನ್ನಷ್ಟು ಬಿಗಿ. ಗೂಗಲ್, ಬಿಂಗ್, ಯೂಟ್ಯೂಬ್‌ಗಳನ್ನು ಅದು ಸುರಕ್ಷಿತ ಸ್ಥಿತಿಯಲ್ಲೇ ಇಡುತ್ತದೆ. ತಡೆಯನ್ನು ದಾಟಿಸುವ ಪ್ರಾಕ್ಸಿ, ವಿಪಿಎನ್ ತಾಣಗಳನ್ನೂ ರೆಡಿಟ್‌ನಂಥ, ಒಳ್ಳೆಯದೂ ಅಶ್ಲೀಲವೂ ಬೆರೆತಿರುವ ತಾಣಗಳನ್ನೂ ಮುಚ್ಚುತ್ತದೆ. ಎಂಟು ವರ್ಷದ ಮಗುವಿಗೆ ಇದು ತಕ್ಕದ್ದು, ಕೆಎಎಸ್‌ಗೆ ಓದುವ ಯುವಕನ ಮೇಲೂ ಇದನ್ನೇ ಹೇರುವುದು ಅನ್ಯಾಯ. ಗ್ರಂಥಾಲಯಗಳ ಫಿಲ್ಟರ್ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2003ರಲ್ಲಿ ಎತ್ತಿಹಿಡಿದಾಗಲೂ, ವಯಸ್ಕರು ಕೇಳಿದರೆ ತಡೆ ತೆಗೆಯಬಹುದೆಂಬ ಅಂಶಕ್ಕೆ ತೂಕವಿತ್ತು.

ಹೀಗಾಗಿ ಈಗ ರೂಟರಿಗೆ 1.1.1.3, ನನ್ನ ಮೇಜಿನತ್ತ ಪರದೆ ತಿರುಗಿಸಿರುವ ಮಕ್ಕಳ ಎರಡು ಯಂತ್ರಗಳಿಗೆ ಮಾತ್ರ ಕ್ಲೀನ್‌ಬ್ರೌಸಿಂಗ್. ಬ್ರೌಸರಿನ 'ಸೆಕ್ಯೂರ್ ಡಿಎನ್‌ಎಸ್' ಆಯ್ಕೆಯನ್ನು ಆಫ್ ಮಾಡದಿದ್ದರೆ ಬ್ರೌಸರು ನಾವು ಕೊಟ್ಟದ್ದನ್ನು ಬಿಟ್ಟು ಬೇರೆ ಡಿಎನ್‌ಎಸ್ ಬಳಸಿ, ಇವೆರಡೂ ಕೆಲಸಕ್ಕೆ ಬಾರದೆ ಹೋಗಬಹುದು. ಈ ಸೆಟ್ಟಿಂಗ್‌ಗಳನ್ನು ಬದಲಿಸಲಾಗದಂತೆ ಮಕ್ಕಳ ಖಾತೆಗೆ ಅಡ್ಮಿನ್ ಅಧಿಕಾರವನ್ನೂ ಕೊಡಬಾರದು. ಮುಚ್ಚಿಹೋದ ತಾಣ ಬೇಕಾದವರು ಹೆಸರು ಬರೆಯದೆ ಅದರ ವಿಳಾಸವನ್ನಷ್ಟೇ ಚೀಟಿಯಲ್ಲಿ ಬರೆದುಕೊಟ್ಟರೆ, ಈ ತಡೆಗಳಿಂದ ಹೊರಗಿಟ್ಟಿರುವ ನನ್ನ ಯಂತ್ರದಲ್ಲಿ ಮೊದಲು ನೋಡಿ, ಆಮೇಲೆ ಅವರನ್ನು ಅಲ್ಲೇ ಕೂರಿಸುತ್ತೇನೆ.