ಕಾಡಿಗಿಂತ ಮನೆಯೇ ಭಯ ಹುಟ್ಟಿಸುವ ಪುಸ್ತಕ

ಅಮೆರಿಕದ ಲೇಖಕಿ ಲೀ ಬಾರ್ಡೂಗೊ ಅವರ ಇಂಗ್ಲಿಷ್ ಕಥಾಸಂಕಲನ ‘ದಿ ಲ್ಯಾಂಗ್ವೇಜ್ ಆಫ್ ಥಾರ್ನ್ಸ್’ (2017) ಕೈಗೆ ಬಂದರೆ ಮೊದಲು ಪುಟದ ಅಂಚು ನೋಡಿ. ಕಥೆ ಶುರುವಾಗುವಾಗ ಅಲ್ಲಿ ಚಿತ್ರದ ಚೂರಷ್ಟೇ ಇರುತ್ತೆ. ಹಾಳೆ ತಿರುವಿದಂತೆಲ್ಲ ಅದು ಬೆಳೆದು, ಕೊನೆಗೆ ಎರಡು ಪುಟ ತುಂಬಿಕೊಳ್ಳುತ್ತೆ. ಸಾರಾ ಕಿಪಿನ್ ಬರೆದ ಚಿತ್ರಗಳು ಇವು, ಕೆಂಪು ಮತ್ತು ನೀಲಿಯಲ್ಲಿ. ಕಥೆಯ ಗುಟ್ಟು ಆ ಕೊನೆಯ ಚಿತ್ರದಲ್ಲೇ ಇರೋದರಿಂದ ಮುಂಚೆಯೇ ತೆಗೆದು ನೋಡಬೇಡಿ.

ಹಾಗಾಗಿ ಕಪ್ಪು-ಬಿಳುಪು ಇ-ರೀಡರ್‌ನಲ್ಲಿ ಓದಿದರೆ ಅರ್ಧ ಪುಸ್ತಕ ಓದಿದಂಗೆ. ಆಡಿಯೋದಲ್ಲಂತೂ ಚಿತ್ರವೇ ಇಲ್ಲ. ಗಟ್ಟಿ ರಟ್ಟಿನ ಪ್ರತಿ ತಗೊಳ್ಳಿ. ದಾವಣಗೆರೆಯ ಅಂಗಡಿಗಳಲ್ಲಿ ಗೈಡು, ಸಿಇಟಿ ಪುಸ್ತಕಗಳದ್ದೇ ದರ್ಬಾರು, ಆನ್‌ಲೈನ್‌ನಲ್ಲೇ ತರಿಸಬೇಕಾದೀತು. ಪಾರ್ಸಲ್ ಬಂದ ದಿನವೇ ಎರಡೂ ಬಣ್ಣ ಸರಿಯಾಗಿ ಅಚ್ಚಾಗಿದೆಯಾ, ಮೂಲೆ ಜಜ್ಜಿದೆಯಾ ನೋಡಿಬಿಡಿ. ವಾಪಸ್ ಕಳಿಸೋ ಗಡುವು ದಾಟಿದ ಮೇಲೆ ಗೊಣಗಿ ಪ್ರಯೋಜನವಿಲ್ಲ. ಮಂಡಕ್ಕಿ-ಮಿರ್ಚಿ ಮುಗಿಸಿ, ಕೈ ತೊಳೆದುಕೊಂಡೇ ಮುಟ್ಟಿ. ಅಂಚಿನಲ್ಲೇ ಚಿತ್ರ, ಬೆರಳು ಬೀಳೋದೂ ಅಲ್ಲೇ.

ಒಟ್ಟು ಆರು ಕಥೆ. ಲೇಖಕಿಯ ಬೇರೆ ಕಾದಂಬರಿಗಳ ಲೋಕವೇ ಇಲ್ಲೂ ಇದೆ, ಆದರೆ ಅವನ್ನು ಓದಿರಬೇಕಂತಿಲ್ಲ. ರಾವ್ಕಾ, ಕೆರ್ಚ್ ಅಂತ ಕಲ್ಪಿತ ದೇಶಗಳ ಹೆಸರು ಬಂದರೆ ‘ಒಂದಾನೊಂದು ದೇಶ’ ಅಂದುಕೊಂಡು ಮುಂದೆ ಹೋಗಿ.

ಮೊದಲನೆಯದು ಆಯಾಮಾಳದು. ಮುಳ್ಳುಕಾಡಿನ ಮೃಗಕ್ಕೆ ಅವಳು ಕಥೆ ಹೇಳ್ತಾಳೆ. ಮುಕ್ತಾಯ ಸುಳ್ಳು ಅನ್ನಿಸಿದರೆ ಅದು ಒಪ್ಪೋದಿಲ್ಲ. ಇಡೀ ಪುಸ್ತಕದ ಕೀಲಿ ಇದು, ಇದನ್ನು ದಾಟಿಸಿ ಓದಬೇಡಿ.

ಎಲ್ಲಕ್ಕಿಂತ ಗಟ್ಟಿ ಕಥೆ ‘ದಿ ವಿಚ್ ಆಫ್ ಡೂವಾ’. ಬರಗಾಲ, ಕಾಡಿನ ಕಡೆಯಿಂದ ತೇಲಿಬರುವ ಅಡುಗೆಯ ಘಮ, ಒಬ್ಬೊಬ್ಬರಾಗಿ ಕಾಣೆಯಾಗುವ ಹುಡುಗಿಯರು, ಮನೆಯಲ್ಲೊಬ್ಬಳು ಮಲತಾಯಿ. ಹ್ಯಾನ್ಸೆಲ್-ಗ್ರೆಟೆಲ್ ಕಥೆಯ ಜಾಡು ಗೊತ್ತಾಗುತ್ತೆ. ಅದನ್ನು ಸಂಗ್ರಹಿಸಿದ ಜರ್ಮನಿಯ ಗ್ರಿಮ್ ಸಹೋದರರ 1812ರ ಮೊದಲ ಮುದ್ರಣದಲ್ಲಿ ಆ ಮಕ್ಕಳಿಬ್ಬರನ್ನು ಕಾಡಿಗೆ ಅಟ್ಟಿದವಳು ಹೆತ್ತ ತಾಯಿಯೇ. ಮುಂದಿನ ಮುದ್ರಣಗಳಲ್ಲಿ ಅವಳು ಮಲತಾಯಿಯಾದಳು. ಮಲತಾಯಿ ಅಂದ ಕೂಡಲೇ ನಾವೂ ತೀರ್ಪು ಕೊಟ್ಟು ಕೂತಿರ್ತೀವಿ. ಬಾರ್ಡೂಗೊ ನಮ್ಮನ್ನು ಬೀಳಿಸೋದು ಅಲ್ಲೇ. ನಮ್ಮ ಜನಪದದ ಹೂವಿನ ಮರವಾಗುವ ಹುಡುಗಿ ನೆನಪಾಗ್ತಾಳೆ: ಒಂದು ಬಿಂದಿಗೆ ನೀರು ಸುರಿದರೆ ಮರ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಅವಳ ಕೊಂಬೆ ಮುರಿದದ್ದೂ ಯಾವ ರಾಕ್ಷಸನೂ ಅಲ್ಲ, ನಾದಿನಿ ಮತ್ತವಳ ಗೆಳತಿಯರು.

ನಟ್‌ಕ್ರ್ಯಾಕರ್, ಅಂದರೆ ಬಾಯಲ್ಲಿ ಕಾಯಿ ಒಡೆಯುವ ಮರದ ಸಿಪಾಯಿ ಗೊಂಬೆಯ ಜಾಡು ಹಿಡಿದ ‘ದಿ ಸೋಲ್ಜರ್ ಪ್ರಿನ್ಸ್’ ಜಗ್ಗುತ್ತೆ. ಗೊಂಬೆಗೆ ತಾನು ಯಾರು ಅನ್ನೋ ಪ್ರಶ್ನೆ ಹುಟ್ಟೋ ಜಾಗ ಚೆನ್ನಾಗಿದೆ, ಅಲ್ಲಿಗೆ ಮುಟ್ಟೋಕೆ ತಾಳ್ಮೆ ಬೇಕು. ಕೊನೆಯ ಕಥೆ ಉದ್ದ. ಹಾಡಿನಿಂದ ಮಾಯೆ ಮಾಡುವ ಇಬ್ಬರು ಮತ್ಸ್ಯಕನ್ಯೆಯರ ಸ್ನೇಹ ಕೆಡುವ ಬಗೆ. ಬಿಡುವಿದ್ದಾಗ ಒಂದೇ ಪಟ್ಟಿಗೆ ಓದಿ, ತುಂಡು ಮಾಡಿದರೆ ಅದರ ಬಿಗಿ ಸಡಿಲಾಗುತ್ತೆ.

ಇಂಗ್ಲಿಷು ಪಿಯು ಹುಡುಗರಿಗೆ ದಕ್ಕುವಂಥದ್ದು. ಚಿತ್ರ ಇದೆ ಅಂತ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ, 14 ದಾಟಲಿ. ಡೂವಾದ ಕಥೆಯನ್ನು ದೊಡ್ಡವರು ತಾವು ಮೊದಲು ಓದಿಕೊಂಡು ಆಮೇಲೆ ಕೊಡೋದು ಒಳ್ಳೇದು.