ಕಯಾಕಿನ ಮುಚ್ಚಳಕ್ಕೆ ಸ್ಕೂಲ್ ಬ್ಯಾಗಿನ ಬಕಲ್: ಮೂರು ವರ್ಷ ಬಳಸಿದ ಮೇಲೆ

ಪ್ಲೈವುಡ್, ಇಪಾಕ್ಸಿ ಅಂಟು ಹಾಕಿ ಮನೆಯಲ್ಲೇ ಕಟ್ಟಿದ ಸೀ ಕಯಾಕ್ ನನ್ನದು, ಅಂದರೆ ಹುಟ್ಟು ಹಾಕಿ ನಡೆಸುವ, ಮೇಲ್ಭಾಗ ಮುಚ್ಚಿದ ಸಪೂರ ದೋಣಿ. ಅದು ಸಮುದ್ರ ಕಾಣುವುದು ವರ್ಷಕ್ಕೊಮ್ಮೆ, ಕಾರವಾರದಲ್ಲಿ. ಉಳಿದಂತೆ ಬಾಗಲಕೋಟೆಯ ಹಿನ್ನೀರೇ ಗತಿ. ಆಲಮಟ್ಟಿ ತುಂಬಿ 519.60 ಮೀಟರ್ ಮುಟ್ಟಿದಾಗ ಇಲ್ಲೂ ಗಾಳಿಗೆ ಒಳ್ಳೆ ತೆರೆ ಏಳುತ್ತವೆ.

ಸಾಮಾನು ಇಡಲು ಹಿಂದೊಂದು ಮುಂದೊಂದು ಖಾನೆ. ಒಂದೊಂದು ಮುಚ್ಚಳಕ್ಕೂ ಎರಡೆರಡು ನೈಲಾನ್ ಪಟ್ಟಿ. ಸ್ಕೂಲ್ ಬ್ಯಾಗಿನಲ್ಲಿ ಇರುತ್ತಲ್ಲ, ಟಕ್ ಅನ್ನುವ ಪ್ಲಾಸ್ಟಿಕ್ ಬಕಲ್, ಅದೇ. ಗಾಡಿ ಸೀಟು ಹೊಲಿಯುವ ಕಾಕಾ ಹೊಲಿದುಕೊಟ್ಟರು. “ಹರಗೋಲಕ್ಕ ಬೆಲ್ಟ್ ಯಾಕ್ರೀ ಸರ?” ಅಂತ ನಕ್ಕರು.

ಬಕಲ್ ಬಗ್ಗೆ ದೂರಿಲ್ಲ. ಮುರಿದದ್ದು ಒಂದೇ, ಅದೂ ನಾನೇ ತುಳಿದದ್ದು. ತಕರಾರು ಇರುವುದು ಪಟ್ಟಿಯದ್ದು. ನೈಲಾನ್ ನೀರು ಕುಡಿದರೆ ಹಿಗ್ಗುತ್ತದೆ. ದಡದಲ್ಲಿ ಬಿಗಿದು ಕಟ್ಟಿದ್ದು ಸ್ವಲ್ಪ ಹೊತ್ತಿಗೆ ಸಡಿಲ. ಮೊದಲ ವರ್ಷ ಬುತ್ತಿಯ ರೊಟ್ಟಿ ಎರಡು ಸಲ ನೀರುಪಾಲಾಯಿತು. ಶೇಂಗಾ ಚಟ್ನಿ ಡಬ್ಬಿಯಲ್ಲಿತ್ತು, ಬಚಾವ್. ಆಮೇಲೆ ಪಾಲಿಯೆಸ್ಟರ್ ಪಟ್ಟಿ ಹಾಕಿಸಿದೆ. ಒದ್ದೆಯಾದರೂ ಅಷ್ಟು ಹಿಗ್ಗುವುದಿಲ್ಲ, ಬಿಸಿಲಿಗೂ ತಾಳುತ್ತದೆ.

ಆದರೂ ಹಿಂದಿನ ಖಾನೆ ಸೋರುತ್ತಲೇ ಇತ್ತು. ಮುಚ್ಚಳದ ಒಳ ಅಂಚಿಗೆ ಸುತ್ತಲೂ ಹಳೇ ಪೇಪರ್ ಅಂಟಿಸಿ, ಕಯಾಕ್ ಮಗುಚಿ ನೋಡಿದೆ. ಪಟ್ಟಿ ಹಾದುಹೋಗುವ ಕಡೆ ಒಣಗಿದೆ, ಎರಡು ಪಟ್ಟಿಗಳ ನಡುವೆ ತೊಪ್ಪೆ! ಪಟ್ಟಿ ತಾನಿದ್ದಲ್ಲಿ ಮಾತ್ರ ಒತ್ತುತ್ತದೆ, ತೆಳು ಮುಚ್ಚಳ ಉಳಿದ ಕಡೆ ಉಬ್ಬುತ್ತದೆ. ಅಡಿಯಲ್ಲಿ ಉದ್ದಕ್ಕೆ ಎರಡು ಮರದ ರೀಪು ಅಂಟಿಸಿದೆ. ಸಂದು ಮುಚ್ಚಲು ಅಂಚಿಗೆ ಹಾಕಿದ್ದ ಸ್ಪಂಜಿನ ಗ್ಯಾಸ್ಕೆಟ್ ಕಿತ್ತು, ನೀರು ಕುಡಿಯದ ಇಪಿಡಿಎಂ ರಬ್ಬರ್ ಹಾಕಿದೆ. ಸೋರುವುದು ನಿಂತಿತು.

ನಿಂತದ್ದೇ ಇನ್ನೊಂದು ಉಪದ್ರವ. ಕಾರಿನ ಮೇಲೆ ಬಿಸಿಲಿಗೆ ಕಾದ ಕಯಾಕನ್ನು ಸೀದಾ ನೀರಿಗಿಳಿಸಿದ್ದೆ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿತು. ಬಕಲ್ ಬಿಚ್ಚಿದರೂ ಮುಚ್ಚಳ ಏಳಲೊಲ್ಲದು! ಈಗ ಖಾನೆಗೂ ನಾನು ಕೂರುವ ಜಾಗಕ್ಕೂ ನಡುವಿನ ಒಳಗೋಡೆಗೆ 2 ಮಿ.ಮೀ. ತೂತು ಕೊರೆದಿದ್ದೇನೆ, ಗಾಳಿ ಆಡಲಿ ಅಂತ. ಅದರಿಂದ ಬರುವ ನೀರು ಹನಿ ಲೆಕ್ಕ.

ಅಯಸ್ಕಾಂತ ಹಚ್ಚಿದರೆ ಪಟ್ಟಿಯೇ ಬೇಡ ಅನ್ನುವವರಿದ್ದಾರೆ. ನೋಡಲು ಚಂದ, ನಿಜ. ಆದರೆ ಹತ್ತಿರ ದಿಕ್ಸೂಚಿ ಇದ್ದರೆ ಅದರ ಮುಳ್ಳು ದಾರಿ ತಪ್ಪುತ್ತದೆ. ನನಗೆ ಬೇಡ.

ಪಾಲಿಯೆಸ್ಟರ್ ಪಟ್ಟಿಗೆ ಐದಕ್ಕೆ ನಾಲ್ಕು, ನೈಲಾನಿಗೆ ಎರಡು. ಮನೆಗೆ ಬಂದ ಮೇಲೆ ಬಕಲ್ ಬಿಚ್ಚಿಡಿ, ಬಿಗಿದೇ ಇಟ್ಟರೆ ರಬ್ಬರ್ ಚಪ್ಪಟೆಯಾಗಿ ಕೂತುಬಿಡುತ್ತದೆ. ಮುಚ್ಚಳಕ್ಕೆ ಒಳಗಿನಿಂದ ಒಂದು ದಾರವನ್ನೂ ಕಟ್ಟಿ. ನನ್ನ ಮೊದಲ ಮುಚ್ಚಳ ಗಾಳಿಗೆ ಹಾರಿ ಹಿನ್ನೀರಲ್ಲಿ ತೇಲಿಹೋದದ್ದು ಇನ್ನೂ ಸಿಕ್ಕಿಲ್ಲ.